ಬಲದಿಂದ ಎಡಕ್ಕೆ

ಒಗೆದ ಹಾಸಿಗೆ ಹೊದಿಕೆಯನ್ನು ಹಿಂಡುತ್ತಿದ್ದವಳ ಕೈ, ಗೇಟು ಕಿರುಗುಟ್ಟಿದ ಸದ್ದಿಗೆ ಅಲ್ಲೇ ನಿಂತಿತು.

ಮೇಷ್ಟ್ರು!

'ಅಷ್ಟೆಲ್ಲಾ ಮಾಡಿದ ಮೇಲೂ ನನ್ನ ಬಾಗಿಲಿಗೆ ಬರೋಕೆ ಈ ಮನುಷ್ಯನಿಗೆ ಧೈರ್ಯ ಹೇಗೆ ಬಂತು?'

"ಟೈಲರಮ್ಮಾ... ಒಂದು ಮಾತು ಆಡ್ಬೇಕಿತ್ತು."

"ಅವತ್ತು ಆಡಿದ್ದು ಸಾಲಲಿಲ್ವಾ?"

ಅವಳು ಅವರತ್ತ ತಿರುಗಲಿಲ್ಲ. ಹೊದಿಕೆಯನ್ನು ತಂತಿಗೆ ಹರವಿ, ಅದರ ಹಿಂದೆ ಮುಖ ಮರೆಸಿಕೊಂಡಳು. ಎದೆ ಮಾತ್ರ ಹಳೆಯ ಹೊಲಿಗೆ ಯಂತ್ರದಂತೆ ಬಡಿದುಕೊಳ್ಳುತ್ತಿತ್ತು.

ಗಂಡ ತೀರಿಕೊಂಡ ಮೇಲೆ ಅವಳ ಲೋಕವೆಂದರೆ ಹೊಲಿಗೆ, ಮಗಳು, ಅತ್ತೆಯ ಚುಚ್ಚುಮಾತು... ಅಷ್ಟೇ. ಚರ್ಚಿನ ಹಿಂದಿನ ಕೋಣೆಯಲ್ಲಿ ಸಂಜೆ ನಡೆಯುತ್ತಿದ್ದ ಮೇಷ್ಟ್ರ ತರಗತಿಯೊಂದೇ ಅವಳು ಉಸಿರು ಬಿಡುವ ಜಾಗ. ಅಲ್ಲಿ ಎಲ್ಲರೂ ಮೊಬೈಲಿನಲ್ಲೇ ಬೈಬಲನ್ನು ಅದರ ಮೂಲ ಭಾಷೆಗಳಲ್ಲಿ ಓದುತ್ತಿದ್ದರು. ಮೇಲೆ ಗ್ರೀಕ್ ಅಥವಾ ಹೀಬ್ರೂ ಪದ, ಅದರ ಕೆಳಗೆ ಉಚ್ಚಾರಣೆ, ಅದಕ್ಕೂ ಕೆಳಗೆ ಕನ್ನಡ ಅರ್ಥ. ಬೆರಳಿಟ್ಟರೆ ಸಾಕು, ಆ ಪದದ ಪೂರ್ತಿ ವಿವರ ತೆರೆದುಕೊಳ್ಳುತ್ತಿತ್ತು.

ಗ್ರೀಕ್ ಓದುವಾಗ ಅವಳನ್ನು ಹಿಡಿಯುವವರೇ ಇರಲಿಲ್ಲ.

"ಸೂಜಿಗೆ ದಾರ ಪೋಣಿಸೋ ಕಣ್ಣು ನಿಮ್ಮದು, ಒಂದು ಪದಾನೂ ತಪ್ಪಿಸ್ಕೊಳ್ಳಲ್ಲ!" ಎನ್ನುತ್ತಿದ್ದರು ಮೇಷ್ಟ್ರು.

ಪಕ್ಕದಲ್ಲಿ ಕುಳಿತ ಮಗಳು ಬಿಡದೆ ಮಾತಾಡುತ್ತಿದ್ದಳು. ಅವಳಿಗೆ 'ವಟವಟ' ಎಂದು ಹೆಸರಿಟ್ಟವರೂ ಅವರೇ. ತರಗತಿ ಮುಗಿದ ಮೇಲೆ ಮೂವರೂ ತಿರುವಿನವರೆಗೆ ಒಟ್ಟಿಗೆ ನಡೆಯುತ್ತಿದ್ದರು. ಆ ದಾರಿ ಇನ್ನಷ್ಟು ಉದ್ದವಿರಬಾರದಿತ್ತೇ ಎಂದು ಅವಳಿಗೆ ಅನಿಸತೊಡಗಿತ್ತು...

ಆಮೇಲೆ ಹೀಬ್ರೂ ಶುರುವಾಯಿತು. ಆ ಭಾಷೆಯ ಸಾಲು ಬಲದಿಂದ ಎಡಕ್ಕೆ ಸಾಗುತ್ತದೆ ಎಂದು ಮೇಷ್ಟ್ರು ಹೇಳಿದ ದಿನ ಮಗಳಿಗೆ ಜ್ವರವೆಂದು ಅವಳು ತರಗತಿಗೆ ಹೋಗಿರಲಿಲ್ಲ. ಗ್ರೀಕಿನ ಅಭ್ಯಾಸದಲ್ಲೇ ಎಡಗಡೆಯಿಂದ ಒಂದೊಂದೇ ಪದ ಒತ್ತುತ್ತಾ ಹೋದಳು. ಪ್ರತಿ ಪದದ ಉಚ್ಚಾರಣೆ ಸರಿ, ಅರ್ಥವೂ ಸರಿ. ಸಾಲು ಮಾತ್ರ ಪೂರ್ತಿ ತಲೆಕೆಳಗು.

ಒಂದು ಸಂಜೆ ಚರ್ಚಿನ ಸಭೆಯ ಹಿರಿಯರೂ ಬಂದು ಕೂತಿದ್ದರು. ಮೇಷ್ಟ್ರು ಅವಳಿಗೇ ಎದ್ದು ಹೀಬ್ರೂ ಓದಲು ಹೇಳಿದರು. ಮಗಳ ಕೆನ್ನೆ ತಟ್ಟಿ, ಹೆಮ್ಮೆಯಿಂದ ಎದ್ದು ನಿಂತು ಓದಿದಳು.

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕೋಣೆ.

"ಕೇಳಿದ್ರಾ? ದೇವರ ಮಾತನ್ನ ಬಾಲದಿಂದ ತಲೆಗೆ ಓದ್ತಾರೆ!" ಮೇಷ್ಟ್ರೂ ನಕ್ಕರು. "ಇವರು ಇಲ್ಲಿಗೆ ಬರೋದು ಓದೋಕಂತೂ ಅಲ್ಲ. ಇನ್ಯಾತಕ್ಕೋ!"

ಆ 'ಇನ್ಯಾತಕ್ಕೋ' ಏನೆಂದು ಎಲ್ಲರಿಗೂ ಅರ್ಥವಾಯಿತು. ಅವಳಿಗೂ.

ಮಗಳ ಕೈ ಹಿಡಿದು ಹೊರಬಂದವಳು ಮತ್ತೆ ಆ ಬೀದಿಗೇ ಕಾಲಿಟ್ಟಿರಲಿಲ್ಲ. ವಟವಟ ಕೂಡ ಅಂದಿನಿಂದ ಮೌನಿಯಾಗಿದ್ದಳು. ಹೊಲಿಗೆ ಯಂತ್ರದ ಪಕ್ಕ ಬಂದು ನಿಲ್ಲುವಳು. "ಅಮ್ಮಾ..." ಎನ್ನುವಳು. "ಏನು ಕಂದಾ?" ಎಂದರೆ, "ಏನಿಲ್ಲ."

'ನನಗಾದ ಅವಮಾನ ಇವಳನ್ನೂ ಸುಟ್ಟಿತಲ್ಲಾ!' ಎಂದು ತಾಯಿ ಕೊರಗುತ್ತಿದ್ದಳು.

ಈಗ ಹೊದಿಕೆಯ ಆಚೆಯಿಂದ ಆ ದನಿ ಮತ್ತೆ ಕೇಳಿಸಿತು.

"ನೀವು ತಪ್ಪು ಓದ್ತಿದ್ದೀರಿ ಅಂತ ನನಗೆ ಮೊದಲೇ ಗೊತ್ತಿತ್ತು."

ಅವಳು ಹೊದಿಕೆ ಸರಿಸಿದಳು.

"ಏನಂದ್ರಿ?"

"ನಿಮ್ಮ ಬೆರಳು ಎಡಗಡೆಯಿಂದ ಹೊರಡೋದನ್ನ ದಿನಾ ನೋಡ್ತಿದ್ದೆ. ಗೊತ್ತಿದ್ದೇ ಅವತ್ತು ಎಬ್ಬಿಸಿ ಓದಿಸಿದೆ." ಅವರ ತಲೆ ತಗ್ಗಿತ್ತು. "ನಮ್ಮಿಬ್ಬರ ಮೇಲೆ ಹಿರಿಯರಿಗೆ ದೂರು ಹೋಗಿತ್ತು. ತರಗತಿ ಮುಚ್ಚಿಸ್ತೀವಿ ಅಂದ್ರು. ನಮ್ಮ ನಡುವೆ ಏನೂ ಇಲ್ಲ ಅಂತ ಅವರೆದುರು ತೋರಿಸ್ಬೇಕಿತ್ತು... ಅದಕ್ಕೆ..."

"ಅದಕ್ಕೆ ನನ್ನ ಮಾನ ಹರಾಜಿಗಿಟ್ರಿ. ಮಗಳ ಕಣ್ಣೆದುರಿಗೆ!"

"ಹೌದು."

ಇನ್ನೊಂದು ನೆಪ ಹೇಳಬಹುದಿತ್ತು. ಅವರು ಹೇಳಲಿಲ್ಲ. ಒಳಗೆ ಹೋಗಲು ಹೊರಟವಳನ್ನು ಅದೇ ತಡೆದು ನಿಲ್ಲಿಸಿತು.

"ನಿನ್ನೆ ಅದೇ ಕೋಣೆಯಲ್ಲಿ, ಅದೇ ಜನರ ಮುಂದೆ ನಿಜ ಹೇಳಿದೆ. ನನಗೆ ಟೈಲರಮ್ಮ ಇಷ್ಟ, ಹೇಡಿ ಥರ ಅವರನ್ನ ಬಲಿ ಕೊಟ್ಟೆ ಅಂದೆ. ತರಗತಿ ಹೋಯ್ತು. ಹೋಗ್ಲಿ."

"ಮೊದಲೇ ಗೊತ್ತಿದ್ರೆ ಯಾಕೆ ತಿದ್ದಲಿಲ್ಲ?"

"ಅಷ್ಟು ಖುಷಿಯಾಗಿ ಓದ್ತಿದ್ರಿ... ನಿಲ್ಲಿಸೋಕೆ ಮನಸ್ಸೇ ಬರ್ಲಿಲ್ಲ."

"ಎಂಥಾ ಮೇಷ್ಟ್ರು ರೀ ನೀವು!"

ಅಳುವೂ ನಗುವೂ ಒಟ್ಟಿಗೇ ಉಕ್ಕಿತು ಅವಳಿಗೆ. ಕಣ್ಣೊರೆಸಿಕೊಂಡರೆ ಸೋಪಿನ ಕೈ, ಇನ್ನಷ್ಟು ಉರಿಯಿತು.

"ಕ್ಷಮಿಸೋಕೆ ಸಮಯ ಬೇಕು ನನಗೆ," ಎಂದಳು. "ಅಲ್ಲಿವರೆಗೂ ದಿನಾ ಇಲ್ಲಿಗೇ ಬಂದು ಕಲಿಸಿ. ಮೊದಲ ಸಾಲಿಂದ."

"ಕೊನೆವರೆಗೂ ಕಲಿಸ್ತೀನಿ. ನೀವು ಒಪ್ಪಿದ್ರೆ... ಜೀವನಪೂರ್ತಿ."

"ಆಹಾ! ಏನು ಸೊಗಸು!"

ಬಾಗಿಲಲ್ಲಿ ಅತ್ತೆ! ಬಟ್ಟೆ ಒಗೆಯುವ ಕಲ್ಲಿನಷ್ಟೇ ತಣ್ಣನೆಯ ಮುಖ.

"ಹಿರಿಯರಿಗೆ ಹೇಳಿ ಬಂದಿದ್ದು ನಾನೇ ಕಣೇ. ಇನ್ನೂ ಬುದ್ಧಿ ಬರ್ಲಿಲ್ವಾ ನಿಮಗೆ?"

"ಅತ್ತೆ... ನೀವಾ?"

"ಹೋಗೋಳು ಹೋಗು, ನಾನೇನು ಕಾಲು ಕಟ್ಟಲ್ಲ. ಆದ್ರೆ ಮೊಮ್ಮಗಳು ನನ್ನ ಮಗನ ಕುಡಿ. ಅವಳು ಈ ಹೊಸಿಲು ದಾಟಲ್ಲ."

"ಅವಳು ನನ್ನ ಮಗಳು! ನಾನೆಲ್ಲೋ ಅವಳೂ ಅಲ್ಲೇ."

"ಅವಳನ್ನೇ ಕೇಳು. ನಿಮ್ಮಮ್ಮನಿಗೆ ಬೇರೆ ಗಂಡ ಸಿಕ್ಕಾಯ್ತು, ಇನ್ನು ನೀನು ಬೇಡ ಅಂತ ಅವಳಿಗೆ ದಿನಾ ಹೇಳ್ತಾನೇ ಇದ್ದೀನಿ. ಎಲ್ಲಾ ಗೊತ್ತು ಅವಳಿಗೆ."

ಆ ಮೌನ... ಆ 'ಏನಿಲ್ಲ'... ಅದು ತರಗತಿಯ ನಗುವಿನಿಂದ ಹುಟ್ಟಿದ್ದಲ್ಲ!

ಅಜ್ಜಿಯ ಬೆನ್ನ ಹಿಂದಿನಿಂದ ಮಗಳು ಹೊರಗೆ ಬಂದಳು. ಬಾಚದ ತಲೆ, ಒಂದೇ ಕಾಲಿಗೆ ಸಾಕ್ಸು. ಮೇಷ್ಟ್ರ ಮುಖ ನೋಡಿದಳು. ಅಮ್ಮನ ಮುಖ ನೋಡಿದಳು.

ಮೇಷ್ಟ್ರು ಮೊಣಕಾಲೂರಿ ಅವಳ ಎತ್ತರಕ್ಕೆ ಬಂದರು. "ವಟವಟಾ, ನಿನ್ನನ್ನ ಬಿಟ್ಟು ನಾವು..."

ಮಗು ಅವರ ಮಾತು ಕೇಳಿಸಿಕೊಳ್ಳಲಿಲ್ಲ. ಅಮ್ಮನ ಒದ್ದೆ ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಮ್ಮಾ..."

"ಹೇಳು ಬಂಗಾರಿ. ಏನಿಲ್ಲ ಅನ್ಬೇಡ. ಕೇಳ್ಬಿಡು."

ಇಷ್ಟು ದಿನ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಮಾತು ಕೊನೆಗೂ ಹೊರಬಂತು.

"ನನ್ನನ್ನ ಬಿಟ್ಟು ಹೋಗೋದು ಯಾವತ್ತು, ಅಮ್ಮಾ?"