ಬಾಯಿ ಬಿಚ್ಚಬ್ಯಾಡ

ಎಳೆದೆ!

ಹಾವು ಬಿಡಲಿಲ್ಲ. ನನ್ನ ಮುಂಗೈ ಅದರ ಬಾಯಲ್ಲಿತ್ತು. ಎಳೆದಷ್ಟೂ ಹಲ್ಲು ಆಳಕ್ಕೆ ಇಳಿಯುತ್ತಿತ್ತು... ಗಾಳದ ಕೊಕ್ಕೆಯ ಹಾಗೆ. ಮೈ ಮೊಣಕೈಗೆ ಸುತ್ತಿಕೊಂಡು ಬಿಗಿಯತೊಡಗಿತು.

ತೊಂಬತ್ತೆಂಟರ ಬೇಸಿಗೆ. ಹಗರಿಬೊಮ್ಮನಹಳ್ಳಿ ರೈಲ್ವೆ ಸ್ಟೇಷನ್ ಹಿಂದೆ ನಿಂತಿದ್ದ ಶಹಬಾಜನ ಲಾರಿ. ಕೆಲಸ ಸಿಂಪಲ್. ಲಾರಿ ಮಾಲೀಕ ಗವಿಸಿದ್ದೇಶ್ ಕೊಟ್ಟ ಹಾವಿನ ಚೀಲವನ್ನು ಸೀಟಿನಡಿ ತುರುಕಿ ಮಾಯವಾಗುವುದು. ಆಮೇಲೆ ಫಾರೆಸ್ಟ್ ಜೀಪು ಬರುತ್ತೆ, ಹಾವು ಸಿಗುತ್ತೆ, ಕಳ್ಳಸಾಗಣೆ ಕೇಸಲ್ಲಿ ಶಹಬಾಜ ಜೈಲಿಗೆ! ಶೇಂಗಾ ಲೋಡೆಲ್ಲ ಗವಿಸಿದ್ದೇಶನ ಲಾರಿಗಳಿಗೆ.

"ಕೊಳಕಮಂಡಲ ಐತಿ ಗಾದೆಪ್ಪ. ಚೀಲದ ಬಾಯಿ ಬಿಚ್ಚಬ್ಯಾಡ, ಸಾಯ್ತಿ!" ಅಂದಿದ್ದ ಗವಿಸಿದ್ದೇಶ್.

ನಾನು ಬಿಚ್ಚಲಿಲ್ಲ. ತುರುಕುವಾಗ ಗಂಟೇ ಸಡಿಲವಾಯಿತು!

ಊರೂರಲ್ಲಿ ಜನರನ್ನು ಹೆದರಿಸಿ ಹೊಟ್ಟೆ ಹೊರೆದವನು ನಾನು. ಕಿರುಚಿದ ಕಿರುಚಾಟಕ್ಕೆ ಶಹಬಾಜ ಎಂಜಲು ಕೈಯಲ್ಲೇ ಓಡಿಬಂದ.

"ಮಂಡಲ ಹಾವಲೇ! ವಿಷ ಏರಾಕತ್ತೈತಿ... ಹೊಟ್ಟ್ಯಾಗ ಹಾಕ್ಕೋ ತಮ್ಮ! ನಿನ್ನ ಸಿಕ್ಕಿಸಾಕ ಬಂದಿದ್ದೆ. ಗವಿಸಿದ್ದೇಶ ಕಳಿಸ್ಯಾನ!" ಎಲ್ಲ ಕಕ್ಕಿಬಿಟ್ಟೆ.

ನಗಬೇಡಿ. ಸಾಯುವವನು ಸುಳ್ಳು ಹೇಳುತ್ತಾನೆಯೇ? ಚೀಲದ ಬಾಯಿ ಆಗಲೇ ಬಿಚ್ಚಿತ್ತು... ಈಗ ನನ್ನದೂ!

ಶಹಬಾಜ ಚಾಚಿದ್ದ ಕೈ ಅಲ್ಲೇ ನಿಂತಿತು. ನನ್ನ ಮುಖ ನೋಡಿದ. ಮನೆಯಲ್ಲಿ ಹಸುಗೂಸಿತ್ತು ಅವನಿಗೆ. ಕ್ಯಾಬಿನ್ ಬಾಗಿಲು ಹಾಕಿ ಹೋಗಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ.

ಅವನು ಹತ್ತಿ ಬಂದ.

"ಎಳೀಬ್ಯಾಡ! ಹಲ್ಲು ಹಿಂದಕ್ಕ ಬಾಗ್ಯಾವ. ಅದರ ಬಾಯಾಗ ತಳ್ಳು!"

"ಇನ್ನೂ ಒಳಗಾ?!"

"ತಳ್ಳಲೇ!"

ತಳ್ಳಿದೆ. ಹಲ್ಲಿನ ಹಿಡಿತ ಕಳಚಿತು. ಅವನು ತಲೆ ಹಿಡಿದೆತ್ತಿ, ಬಾಲದ ಕಡೆಯಿಂದ ಸುತ್ತು ಬಿಚ್ಚಿ, ಚೀಲಕ್ಕೆ ತುಂಬಿದ.

"ದವಾಖಾನಿಗೆ ನಡಿ... ಟೈಮಿಲ್ಲ..."

"ಹೆಬ್ಬಾವಣ್ಣ ಇದು. ವಿಷ ಎಲ್ಲಿಂದ ಬರಬೇಕು? ಹಿಡಕೊಳ್ಳಾಕ ಅಷ್ಟ ಇದರ ಹಲ್ಲು."

ಹೆಬ್ಬಾವು! ನಿಜ ಹೇಳಿದ್ದರೆ ನಾನೇ ಅದನ್ನು ಮಾರಿಕೊಳ್ಳುತ್ತಿದ್ದೆ ಅಂತ ಗವಿಸಿದ್ದೇಶನಿಗೆ ಗೊತ್ತಿತ್ತು. ಮಾರುತ್ತಿದ್ದೆ ಕೂಡ. ನಾಚಿಕೆಯಿಂದ ಕುಗ್ಗಿಹೋದೆ. ವಿಷವಾದರೂ ಇದ್ದಿದ್ದರೆ ಮಾನ ಉಳಿಯುತ್ತಿತ್ತು!

ಶಹಬಾಜ ಬೈಯಲಿಲ್ಲ. ನನ್ನ ಮುಂಗೈಯಲ್ಲಿ ಮುರಿದು ಉಳಿದಿದ್ದ ಹಲ್ಲನ್ನು ಉಗುರಿನಿಂದ ಕೀಳುತ್ತಿದ್ದ. ಒಂದೇಟು ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಜೀಪು ಬಂತು. ರೇಂಜರ್ ಇಳಿದು ಚೀಲದೊಳಗೆ ಇಣುಕಿದ.

"ಶಹಬಾಜ ಯಾರಲೇ? ಈ ಹಾವು ಯಾರದು?"

ನಾನು ಕಕ್ಕಿದ್ದನ್ನು ಬೇರೆ ಯಾರೂ ಕೇಳಿರಲಿಲ್ಲ. ಸುಮ್ಮನಿದ್ದರೆ ನಾನು ಬಚಾವ್... ಅವನು ಒಳಗೆ. ಶಹಬಾಜ ತಲೆ ಎತ್ತಲಿಲ್ಲ. ನನ್ನ ಕೈಯನ್ನೂ ಬಿಡಲಿಲ್ಲ.

ಆ ಕೈಯನ್ನೇ ರೇಂಜರ್ ಮುಂದೆ ಚಾಚಿದೆ. ಸಾಲುಸಾಲು ತೂತು.

"ನಂದ ಸಾಹೇಬ್ರ... ಜೈಲಿನ ಟಿಕೀಟು, ಪಂಚ್ ಆಗೈತಿ ನೋಡ್ರಿ!"