ಮೂರು ಸರಳುಗಳ ಕೊರತೆ

ನಾನು ಚಹಾದ ಬಟ್ಟಲುಗಳನ್ನು ಒರೆಸಿ ಒಂದೊಂದಾಗಿ ಮಗುಚಿಡುತ್ತಿದ್ದೆ. ಪ್ರಯೋಗಾಲಯದ ಊಟದ ಕೋಣೆಯಲ್ಲಿ ಮೂವರು ಕುಳಿತಿದ್ದರು. ಬೆಳಿಗ್ಗೆ ಅವರಲ್ಲೊಬ್ಬರಾದ ಮುಖ್ಯಸ್ಥ ತೊಲೆಗೆನ್ ಅಗಾ (ಹಿರಿಯ ಗಂಡಸರನ್ನು ನಾವು ಅಗಾ ಎನ್ನುತ್ತೇವೆ), ಈಗ ಎದುರಿಗೇ ಕುಳಿತಿದ್ದ, ಸರಳು ಸಾಗಿಸುವ ದೌರೆನ್‌ನನ್ನು ಕಳ್ಳ ಎಂದಿದ್ದರು. ಸಂಜೆಗೆ ಪೊಲೀಸರು ಬರುವವರಿದ್ದರು.

ಬಳಸಿ ಮುಗಿದ ಇಂಧನದ ಸರಳನ್ನು ಪುಟ್ಟ ರಿಯಾಕ್ಟರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಹೊರತೆಗೆದು, ಹೊಸದಾಗಿ ಎಷ್ಟು ಪರಮಾಣು ಒಡೆದವೆಂದು ಅಳೆಯುವುದು ಅಲ್ಲಿನ ಕೆಲಸ. ಹೊಸ ವಿಕಿರಣ ಒಂದೂವರೆ ಗಂಟೆಗೆ ಅರ್ಧಕ್ಕಿಳಿಯುತ್ತದೆ. ಸರಳು ಹೊರಬಂದ ಹೊತ್ತನ್ನು ಬರೆದಿಟ್ಟು, ಅಳೆಯುವ ಹೊತ್ತಿಗೆ ಎಷ್ಟು ಆರಿಹೋಗಿರಬೇಕೆಂದು ಅಲ್ಲಿಂದ ಲೆಕ್ಕ ಹಾಕಿ ಕೂಡುತ್ತಾರೆ. ಮೂರು ಸರಳುಗಳಲ್ಲಿ ಆ ಮೊತ್ತ ಇರಬೇಕಾದ್ದಕ್ಕಿಂತ ಮೂರನೇ ಒಂದು ಪಾಲಿಗೂ ಮಿಗಿಲಾಗಿ ಕಡಿಮೆ ಬಂದಿತ್ತು.

"ಒಳ್ಳೇ ಸರಳು ಮಾರಿ, ಸತ್ತ ಸರಳು ತಂದಿಟ್ಟಿದಾನೆ," ಎಂದರು ಅಗಾ.

"ಜೇಬಲ್ಲಿ ಹಾಕ್ಕೊಂಡು ಹೋಗೋಕೆ ಅದೇನು ಸೌತೆಕಾಯೇನಪ್ಪಾ?" ಎಂದರು ಮೂರನೆಯವರಾದ ಕುಲ್ಯಾಷ್ ಅಪಾ, ನಮ್ಮೆಲ್ಲರ ಹಿರಿಯಕ್ಕ. ಮೂವತ್ತು ವರ್ಷ ಎಲ್ಲರ ಮೈಗೆ ತಗುಲಿದ ವಿಕಿರಣದ ಪಟ್ಟಿ ನೋಡಿಕೊಂಡವರು; ಊರಲ್ಲಿ ಏನು ಕಳೆದರೂ ಜನ ಹುಡುಕಿಕೊಂಡು ಬರುತ್ತಿದ್ದುದು ಅವರನ್ನೇ. "ವಿಕಿರಣ ಅಳೆಯೋ ಇವನ ಎದೆ ಬಿಲ್ಲೆ ಶುದ್ಧವಾಗಿದೆ. ಮೂರರಲ್ಲೂ ಕೊರತೆ ಒಂದೇ ಅಳತೆ. ಕಳ್ಳ ಅಷ್ಟು ಸಮನಾಗಿ ಕದೀತಾನಾ?"

ಆಮೇಲೆ ನನ್ನತ್ತ ತಿರುಗಿದರು. "ಝಾದಿರಾ, ಅಗಾ ಊಟಕ್ಕೆ ಬರೋದು ಎಷ್ಟು ಗಂಟೆಗೆ ಮಗಳೇ?"

"ಈ ಗೋಡೆ ಗಡಿಯಾರದಲ್ಲಿ ಹನ್ನೆರಡಕ್ಕೆ," ಎಂದೆ, ನೆಲ ನೋಡುತ್ತ. "ಉಳಿದವರೆಲ್ಲ ಒಂದಕ್ಕೆ."

ಅಪಾ ಊದಿದ ಕಾಲನ್ನು ನೀವಿಕೊಂಡರು. "ಇಡೀ ಕಜಾಕಸ್ತಾನಕ್ಕೆ ಒಂದೇ ಟೈಮ್ ಅಂತ ಸರ್ಕಾರ ನಮ್ಮ ಗಡಿಯಾರ ಒಂದು ಗಂಟೆ ಹಿಂದೆ ಹಾಕಿಸ್ತು. ನೀವು ಹಾಕ್ಲಿಲ್ಲ; ನಮ್ಮ ಹನ್ನೆರಡು ನಿಮ್ಮ ಕೈಯಲ್ಲಿ ಒಂದು. ಈ ಊರಲ್ಲಿ ಅರ್ಧ ಜನ ಹಾಕಿಲ್ಲ, ಬಿಡಿ. ಹೊತ್ತು ಬರೆಯೋ ಗುಮಾಸ್ತ ರಜೆ ಮೇಲೆ ಹೋದಾಗ ಈ ಮೂರು ಸರಳಿನ ಹೊತ್ತು ಬರೆದಿದ್ದು ಯಾರು?"

ಅಗಾ ಅಂಗಿಯ ತೋಳನ್ನು ಕೈಗಡಿಯಾರದ ಮೇಲೆ ಎಳೆದುಕೊಂಡರು. "ಯಾಕೆ, ನಾನೇ."

"ಹತ್ತಕ್ಕೆ ಹೊರಬಂದಿದ್ದನ್ನ ಹನ್ನೊಂದು ಅಂತ ಬರೆದ್ರಿ. ಅಳೆಯೋ ಯಂತ್ರ ಹೊಸ ಟೈಮಲ್ಲೇ ಓಡುತ್ತೆ. ಹನ್ನೆರಡಕ್ಕೆ ಅಳೆದಾಗ ನಿಜಕ್ಕೂ ಎರಡು ಗಂಟೆ ಆಗಿತ್ತು, ಲೆಕ್ಕದಲ್ಲಿ ಒಂದೇ. ಆ ಒಂದು ಗಂಟೇಲಿ ಆರಿಹೋಗಿದ್ದನ್ನ ಇವನು ಕದ್ದ ಅಂದ್ರಿ. ಬೇಕಾದ್ರೆ ಈಗಲೇ ಕೂಡಿ ನೋಡಿ."

ಅಗಾ ಕಾಗದ ಎಳೆದುಕೊಂಡು ಲೆಕ್ಕ ಹಾಕಿದರು. ಕೊರತೆ ಒಂದೂ ಉಳಿಯಲಿಲ್ಲ. ಅಪಾ ಅವರ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ, ದಣಿವಷ್ಟೇ ಇತ್ತು.

"ಪೊಲೀಸರಿಗೆ ಬರೋದು ಬೇಡ ಅಂತೀನಿ," ಎಂದು ಅಗಾ ಎದ್ದರು.

ಬೆಳಗಿನಿಂದ ಬಾಯಿ ಬಿಡದ ದೌರೆನ್ ಬಾಗಿಲಿಗೆ ಅಡ್ಡ ನಿಂತ. "ಊರೆಲ್ಲ ಕೇಳಿಸಿಕೊಂಡಿದೆ ಅಗಾ. ನಮ್ಮಮ್ಮನಿಗೆ ಒಂದು ಫೋನ್ ಮಾಡಿ. ನಾನು ಕಳ್ಳ ಅಲ್ಲ ಅಂತ ನೀವೇ ಹೇಳಿ."