ಬದುಕಿದ್ದವಳ ಶ್ರದ್ಧಾಂಜಲಿ

ದಿನಾಂಕ 14-11-2025, ಶುಕ್ರವಾರ. ಬೆಳಿಗ್ಗೆ 8 ಗಂಟೆ 40 ನಿಮಿಷಕ್ಕೆ ವಿದ್ಯಾರಣ್ಯಪುರದ ಠಾಣೆಗೆ ಒಬ್ಬ ಹೆಂಗಸು ತನ್ನದೇ ಸಾವಿನ ಬಗ್ಗೆ ದೂರು ಕೊಡಲು ಬಂದಳು.

ಅವಳನ್ನು ಗುರುತಿಸದವರು ಠಾಣೆಯಲ್ಲಿ ಯಾರೂ ಇರಲಿಲ್ಲ. ಸಂಜೆ ಏಳೂವರೆಯ ಧಾರಾವಾಹಿಯಲ್ಲಿ ನಾಲ್ಕು ವರ್ಷದಿಂದ ಮಕ್ಕಳಿಗಾಗಿ ಕಣ್ಣೀರು ಸುರಿಸುತ್ತಿರುವ ತಾಯಿ ಅವಳು. ತೆರೆಯ ಮೇಲಿನ ಹೆಸರು ಸಂಯುಕ್ತಾ. ಠಾಣೆಯ ಬರಹಗಾರ ಸಂಗಪ್ಪ ಎದ್ದು ಕುರ್ಚಿ ಎಳೆದುಕೊಟ್ಟ, ಬೆನ್ನಿಗೇ ಸೆಲ್ಫಿಗೆಂದು ಮೊಬೈಲನ್ನೂ ತೆಗೆದ. ಇನ್‌ಸ್ಪೆಕ್ಟರ್ ಬಸವಕಿರಣ ಗುರಾಯಿಸಿದ ಮೇಲೆ ಅದು ಜೇಬಿಗೆ ವಾಪಸ್ಸು ಹೋಯಿತು.

"ಏನಾಯ್ತು ಮೇಡಂ?"

ಅವಳು ಫೋನು ಮುಂದಿಟ್ಟಳು. ವಿದ್ಯಾರಣ್ಯಪುರದ ಕೊನೇ ಬಸ್ ಸ್ಟಾಪಿನ ಕಂಬಕ್ಕೆ ಕಟ್ಟಿದ ಒಂದು ಫ್ಲೆಕ್ಸ್. ಅವಳ ಫೋಟೋ, ಫೋಟೋಗೆ ಹಾರ, ಮೇಲೆ "ಭಾವಪೂರ್ಣ ಶ್ರದ್ಧಾಂಜಲಿ", ಕೆಳಗೆ "ಇಂತಿ, ಅಭಿಮಾನಿ ಬಳಗ".

"ಬೆಳಿಗ್ಗೆ ಆರಕ್ಕೆಲ್ಲ ವಾಟ್ಸ್ಯಾಪ್ ತುಂಬಾ ಇದೇ. ಶೆಟ್ಟಿಹಳ್ಳಿಲಿ ನಮ್ಮಮ್ಮ ಇದಾರೆ, ಮುನಿಶಾಮಮ್ಮ ಅಂತ. ಹಾಲಿನವನು ತೋರಿಸ್ಬಿಟ್ಟ. ಅಲ್ಲೇ ಮೆಟ್ಲಿಂದ ಬಿದ್ರು. ತಲೆಗೆ ಏಟು. ಐಸಿಯುಲಿ ಇದಾರೆ."

"ಆಸ್ಪತ್ರೆಗೆ ಹೋಗಿ ಬಂದ್ರಾ?"

"ಇಲ್ಲ, ತಂಗಿ ಇದಾಳೆ ಅಲ್ಲಿ. ನಾನು ಬದುಕಿದೀನಿ ಅಂತ ಮೊದ್ಲು ಒಂದು ವೀಡಿಯೋ ಹಾಕ್ಬೇಕಿತ್ತಲ್ಲ ಸರ್."

ಬಸವಕಿರಣ ಅವಳ ಮುಖವನ್ನು ಇನ್ನೊಮ್ಮೆ ನೋಡಿದ. ಹೆತ್ತ ತಾಯಿ ಸಾವು ಬದುಕಿನ ನಡುವೆ ಇರುವಾಗ ಈಕೆ ತುಟಿಗೆ ಬಣ್ಣ ಹಚ್ಚಿಕೊಂಡು ಕ್ಯಾಮೆರಾ ಮುಂದೆ ಕೂತು ಬಂದಿದ್ದಳು. ಹದಿನೇಳು ವರ್ಷದ ಸರ್ವೀಸಿನಲ್ಲಿ ಅವನಿಗೆ ಹೆಣ ಕಂಡು ವಾಕರಿಕೆ ಬಂದದ್ದು ಕಡಿಮೆ. ಬದುಕಿರುವವರನ್ನು ಕಂಡು ಬಂದದ್ದೇ ಹೆಚ್ಚು.

9.20ಕ್ಕೆ ಎಫ್‌ಐಆರ್ ದಾಖಲಾಯಿತು. ಗುರುತಿಗೆಂದು ಅವಳು ಕೊಟ್ಟ ಆಧಾರ್ ಪ್ರತಿಯಲ್ಲಿ ಹೆಸರು ಧನಲಕ್ಷ್ಮಿ ಎಂದಿತ್ತು. ಮುನಿಶಾಮಮ್ಮ ಉಳಿದರೆ ಇದು ಸುಳ್ಳು ದಾಖಲೆಯ ಕೇಸು. ಉಳಿಯದಿದ್ದರೆ ಯಾವನೋ ಒಬ್ಬ ಸಾವಿಗೆ ಉತ್ತರ ಹೇಳಬೇಕಾಗುತ್ತದೆ. ಆ ಒಬ್ಬನನ್ನು ಹುಡುಕುವುದು ಈಗಿನ ಕೆಲಸ.

10.15ಕ್ಕೆ ಸ್ಥಳ ಪಂಚನಾಮೆ. ಬಸ್ ಸ್ಟಾಪಿನಲ್ಲಿ ಜಾತ್ರೆ ನೆರೆದಿತ್ತು. ಕಂಬದ ಬುಡದಲ್ಲಿ ಊದುಬತ್ತಿ, ಬಿಡಿಹೂ. ಇಬ್ಬರು ಹುಡುಗರು ಫ್ಲೆಕ್ಸಿನ ಮುಂದೆ ಅಳುವ ರೀಲ್ ಮಾಡುತ್ತಿದ್ದರು. ಮೊದಲನೇ ಸಲ ಅಳು ಸರಿಯಾಗಿ ಬರಲಿಲ್ಲವೆಂದು ಇನ್ನೊಂದು ಸಲ ಅತ್ತರು. ಸತ್ತವರ ಕಣ್ಣು ದೊಡ್ಡದು ಅನ್ನುತ್ತಾರೆ. ಅವಳ ಅಭಿನಯವನ್ನು ನಿನ್ನೆವರೆಗೆ ಆಡಿಕೊಂಡು ನಗುತ್ತಿದ್ದವರೆಲ್ಲ ಎಂಥ ಕಲಾವಿದೆ ಎಂಥ ಕಲಾವಿದೆ ಎಂದು ಲೊಚಗುಟ್ಟುತ್ತಿದ್ದರು. ಜೀಪಿನ ಹಿಂದೆಯೇ ಬಂದ ಕಾರಿನಿಂದ ಸಂಯುಕ್ತಾ ಇಳಿದಾಗ ಹೂ ಮಾರುವ ಮುನಿನಾರಾಯಣಮ್ಮನ ಮುಖ ಇಳಿಯಿತು.

"ಅಯ್ಯೋ, ಬದ್ಕವ್ಳಾ? ಇಷ್ಟೊಂದು ಹಾರ ಕಟ್ಬುಟ್ನಲ್ಲಪ್ಪಾ!"

"ಇದನ್ನ ಯಾರು ಕಟ್ಟಿದ್ರು, ನೋಡಿದ್ರಾ?" ಬಸವಕಿರಣ ಕೇಳಿದ.

"ನಾನ್ ಬರೋ ಒತ್ಗೆ ಇತ್ತು ಸ್ವಾಮಿ. ಇಂಗೇ ಕಟ್ಟಿತ್ತು."

ಪಂಚರ ಎದುರು ಫ್ಲೆಕ್ಸನ್ನು ಬಿಚ್ಚಿ ಹಾಸಿದರು. ಅಗಲ ನಾಲ್ಕು ಅಡಿ, ಎತ್ತರ ಆರು. ಮುದ್ರಕರ ಹೆಸರಿಲ್ಲ. ಎಡ ಅಂಚನ್ನು ಕತ್ತರಿಸಿದವನು ಕೈ ತಪ್ಪಿಸಿದ್ದ. ಒಂದೇ ರೋಲಿನಲ್ಲಿ ಪಕ್ಕದಲ್ಲೇ ಅಚ್ಚಾದ ಇನ್ಯಾರದೋ ಜಾಹೀರಾತಿನ ಎರಡು ಬೆರಳಗಲದ ಪಟ್ಟಿ ಇದಕ್ಕೇ ಅಂಟಿಕೊಂಡು ಬಂದಿತ್ತು. "ರುಳ್ಳಿ ಮಂಡಿ" ಎಂಬ ಅರೆ ಸಾಲು, ಒಂದು ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ.

"ಈರುಳ್ಳಿ ಮಂಡಿ ಅಂದ್ರೆ ಯಶವಂತಪುರ ಮಾರ್ಕೆಟ್ಟೇ ಸರ್," ಎಂದ ಸಂಗಪ್ಪ.

"ಹೋಗು. ಮಂಡಿಯವನನ್ನ ಹಿಡಿ, ಅವನ ಬ್ಯಾನರ್ ಹೊಡೆದವನು ಯಾರು ಕೇಳು."

ಬಸವಕಿರಣನ ಕಣ್ಣು ಅಷ್ಟರಲ್ಲಿ ಇನ್ನೊಂದು ಸಾಲಿನ ಮೇಲೆ ನಿಂತಿತ್ತು. "ಜನನ: 11-06-1986. ಮರಣ: 13-11-2025." ಅವನು ತನ್ನ ಫೋನಿನಲ್ಲಿ ಅವಳ ಹೆಸರು ಹುಡುಕಿದ. ಇಂಟರ್ನೆಟ್ಟಿನಲ್ಲಿ ಅವಳ ಇಡೀ ಬದುಕು ಅರ್ಧ ಪುಟದಲ್ಲಿ ಮುಗಿದಿತ್ತು. ಜನನ 1994. 2012ರಲ್ಲಿ ಸೋಪಿನ ಜಾಹೀರಾತು, ನಾಯಕಿಯ ಗೆಳತಿ, ಕಿರಿ ಸೊಸೆ, ಸವತಿ, ಈಗ ನಾಡಿನ ಮೆಚ್ಚಿನ ತಾಯಿ. ಅವಿವಾಹಿತೆ. ತಾಯಿ ಮತ್ತು ತಂಗಿಯ ಜವಾಬ್ದಾರಿ ಹೊತ್ತವಳು. ಹವ್ಯಾಸ, ಮಕ್ಕಳೊಂದಿಗೆ ಕಾಲ ಕಳೆಯುವುದು.

"ಮೇಡಂ, ಫ್ಲೆಕ್ಸಲ್ಲಿ ಎಂಬತ್ತಾರು ಅಂತಿದೆ."

"ತಪ್ಪು ಹಾಕಿದಾರೆ. ನಂದು ತೊಂಬತ್ನಾಲ್ಕು."

"ಆಧಾರಲ್ಲೂ ಎಂಬತ್ತಾರೇ ಇದೆ."

ಅವಳು ಸುತ್ತಲೂ ನೋಡಿ ದನಿ ತಗ್ಗಿಸಿದಳು. "ಮೆತ್ತಗೆ ಸರ್. ಜನ ಇದಾರೆ."

"ಅಭಿಮಾನಿಯೋ ವೈರಿಯೋ, ಹೊರಗಿನೋರು ಯಾರು ಬರೆಸಿದ್ರೂ ತೊಂಬತ್ನಾಲ್ಕು ಅಂತಾನೇ ಬರೆಸ್ತಿದ್ರು. ನಿಜವಾದ ವಯಸ್ಸು ಯಾರ್ಯಾರಿಗೆ ಗೊತ್ತು?"

"ಅಮ್ಮಂಗೆ. ಆರ್‌ಟಿ ನಗರದ ಪ್ರೊಡಕ್ಷನ್ ಆಫೀಸಲ್ಲಿ ಪ್ಯಾನ್ ಕಾರ್ಡ್ ಇದೆ, ಅವರಿಗೆ." ಫೋನಿನ ಪರದೆ ಒರೆಸಿಕೊಂಡು, "ತಂಗಿಗೆ," ಎಂದಳು.

ಮಧ್ಯಾಹ್ನ 12 ಗಂಟೆಗೆ ಬಸವಕಿರಣ ಆರ್‌ಟಿ ನಗರದ ಆಫೀಸಿನಲ್ಲಿದ್ದ. ನಿರ್ಮಾಪಕನ ಮುಖದಲ್ಲಿ ದುಃಖವೂ ಇರಲಿಲ್ಲ, ಗಾಬರಿಯೂ ಇರಲಿಲ್ಲ.

"ನಾವ್ಯಾಕೆ ಮಾಡ್ಸೋಣ ಸರ್? ಅವರ ವಯಸ್ಸು ಹೊರಗೆ ಬಂದ್ರೆ ನಮಗೇ ಲಾಸು. ಒಂದು ರಿಕ್ವೆಸ್ಟು. ಅವರು ಬದುಕಿರೋ ವಿಷ್ಯ ಸಂಜೆ ಏಳೂವರೆವರೆಗೂ ಸ್ವಲ್ಪ ತಡೀಬಹುದಾ? ಪ್ರೋಮೋ ಬೆಂಕಿ ಥರ ಓಡ್ತಾ ಇದೆ."

ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ಬಸವಕಿರಣ ಬೇಕಾದಷ್ಟು ಕಂಡಿದ್ದ. ಗಳ ಹಿರಿಯಲು ಪೊಲೀಸರನ್ನೇ ಸಹಾಯ ಕೇಳಿದವನು ಇವನೇ ಮೊದಲು. ಟೀ ತರಿಸುತ್ತೇನೆ ಎಂದು ಅವನು ಹೇಳುವಷ್ಟರಲ್ಲಿ ಬಸವಕಿರಣ ಎದ್ದು ಬಂದ. ಕೆಳಗಿಳಿಯುವಾಗ ಸಂಗಪ್ಪನ ಫೋನು ಬಂತು. ಅಂಗಡಿ ಸಿಕ್ಕಿತ್ತು.

ಯಶವಂತಪುರ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ವೆಂಕಟಸ್ವಾಮಿಯ ಫ್ಲೆಕ್ಸ್ ಅಂಗಡಿ. ಒಂದು ಮಿಷನ್ನು, ಒಂದು ಕಂಪ್ಯೂಟರು, ಕೊಳೆತ ಈರುಳ್ಳಿಯ ವಾಸನೆ. ಸಮಯ 1.35.

"ಆರ್ಡರ್ ಕೊಟ್ಟಿದ್ದು ಯಾರು?"

"ಒಂದ್ ಹುಡ್ಗಿ ಸಾರ್. ಇಪ್ಪತ್ತಿರಬೋದು. ಮಾಸ್ಕ್ ಹಾಕಿದ್ಲು."

"ಯಾವತ್ತು?"

"ಬುಧವಾರ ಸಂಜೆ."

"ಬುಧವಾರ ಹನ್ನೆರಡನೇ ತಾರೀಕು. ಇದ್ರಲ್ಲಿ ಮರಣ ಹದಿಮೂರು ಅಂತಿದೆ. ನಾಳೆ ಸಾಯೋರಿಗೆ ಇವತ್ತೇ ಶ್ರದ್ಧಾಂಜಲಿ ಹೊಡೆದ್ಯಾ?"

"ನಮಗ್ಯಾಕೆ ಸಾರ್ ಅದೆಲ್ಲ? ಮ್ಯಾಟರ್ ಕೊಡ್ತಾರೆ, ಹೊಡಿತೀವಿ. ಜನನ ಯಾವಾಗಮ್ಮಾ ಅಂದೆ, ಪಟ್ಟಂತ ಹೇಳಿದ್ಲು. ಮರಣ ಅಂದಾಗ ಯೋಚ್ನೆ ಮಾಡ್ಬಿಟ್ಟು, ನಾಳೆದು ಹಾಕಿ ಅಂದ್ಲು."

ಸಂಗಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಥೂ ಎಂದ.

"ಕಂಪ್ಯೂಟರಲ್ಲಿ ಫೈಲ್ ಇದ್ಯಾ?"

ಇತ್ತು. ಒಂದಲ್ಲ, ಎರಡು. ಮೊದಲನೆಯದರಲ್ಲೂ ಎಲ್ಲ ಹಾಗೆಯೇ, ಕೊನೆಯ ಸಾಲು ಮಾತ್ರ ಬೇರೆ. "ಇಂತಿ, ದುಃಖತಪ್ತ ಮಗಳು."

"ಇದನ್ನ ಯಾಕೆ ಬದಲಾಯಿಸಿದ್ರಿ?"

"ಅವ್ಳೇ ಬರ್ಸಿದ್ದು ಸಾರ್. ಸ್ಕ್ರೀನಲ್ಲಿ ನೋಡ್ತಾ ನಿಂತ್ಬಿಟ್ಲು. ಫೋನಲ್ಲಿ ಫೋಟೋ ತಕ್ಕೊಂಡ್ಲು. ಆಮೇಲೆ, ಮಗಳು ಬೇಡ ಅಣ್ಣ, ಅಭಿಮಾನಿಗಳು ಅಂತ ಹಾಕ್ಬಿಡಿ ಅಂದ್ಲು."

ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆದರು. ಜೀಪಿನಲ್ಲಿ ಬಸವಕಿರಣ ಲೆಕ್ಕ ಹಾಕಿದ. ಮೂವತ್ತೊಂದರ ಅವಿವಾಹಿತೆಗೆ ಇಪ್ಪತ್ತರ ಮಗಳಿರಲು ಸಾಧ್ಯವಿಲ್ಲ. ಮೂವತ್ತೊಂಬತ್ತರವಳಿಗೆ ಇರಬಹುದು.

3.30ಕ್ಕೆ ಅವನು ಹೆಡ್ ಕಾನ್‌ಸ್ಟೆಬಲ್ ಗೌರಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ. ಐಸಿಯು ಹೊರಗಿನ ಬೆಂಚಿನ ಮೇಲೆ ಒಬ್ಬಳೇ ಹುಡುಗಿ ಕೂತಿದ್ದಳು. ತೊಡೆಯ ಮೇಲೆ ಮುದುಕಿಯ ಕನ್ನಡಕ, ಒಂದು ಗಾಜು ಒಡೆದದ್ದು.

"ಹೆಸರು?"

"ರಮ್ಯ."

"ಸಂಯುಕ್ತಾ ತಂಗಿನಾ?"

"ಹೂಂ."

"ಒಳಗಿರೋರು ಯಾರು?"

"ಅಮ್ಮ."

"ಯಾರಮ್ಮ?"

ಬಸವಕಿರಣ ತನ್ನ ಫೋನಿನಲ್ಲಿದ್ದ ಮೊದಲ ಫೈಲಿನ ಚಿತ್ರ ತೋರಿಸಿದ. ಹುಡುಗಿ ಅದನ್ನು ನೋಡಿದಳು, ಐಸಿಯು ಬಾಗಿಲನ್ನು ನೋಡಿದಳು.

"ಅಜ್ಜಿ ಸರ್," ಎಂದಳು. "ಒಳಗಿರೋರು ನಮ್ಮಜ್ಜಿ. ಸಾಕಿದ್ದು ಅವರೇ. ಅವರಿಗೆ ಹಿಂಗಾಗ್ಲಿ ಅಂತ ದೇವ್ರಾಣೆ ಮಾಡ್ಲಿಲ್ಲ. ಅಜ್ಜಿ ಹತ್ರ ಫೋನೇ ಇಲ್ಲ. ಹಾಲಿನವನು ತೋರಿಸ್ತಾನೆ ಅಂತ ತಲೆಗೇ ಬರ್ಲಿಲ್ಲ."

ಗೌರಮ್ಮ ಪಕ್ಕದಲ್ಲಿ ಕೂತಳು. "ಅದನ್ನ ಕಟ್ಟಿದ್ಯಾಕಮ್ಮಾ?"

ಹುಡುಗಿ ಹೇಳಿದಳು. ಹಿಂದಿನ ಭಾನುವಾರ ಚಾನೆಲ್ಲಿನ ಪ್ರಶಸ್ತಿ ಸಮಾರಂಭ. ಸಂಯುಕ್ತಾಳಿಗೆ ವರ್ಷದ ಮೆಚ್ಚಿನ ತಾಯಿ ಎಂಬ ಪ್ರಶಸ್ತಿ. ಕಿರೀಟ ತೊಡಿಸಲು ಕುಟುಂಬದಿಂದ ಯಾರಾದರೂ ಬೇಕೆಂದು ರಮ್ಯಳನ್ನು ವೇದಿಕೆಗೆ ಕರೆದರು.

"ಆ್ಯಂಕರ್ ಕೇಳಿದ್ಲು, ಅಕ್ಕನಲ್ಲಿ ಯಾವತ್ತಾದ್ರೂ ಅಮ್ಮನ್ನ ಕಂಡಿದೀರಾ ಅಂತ. ಎಲ್ಲಾ ಚಪ್ಪಾಳೆ ಹೊಡೆದ್ರು. ಅವ್ರು ನನ್ನ ತಬ್ಕೊಂಡು ಕಿವೀಲಿ, ನಗು, ಕ್ಲೋಸಪ್ಪಲ್ಲಿದೀಯ ಅಂದ್ರು. ನಾನು ನಕ್ಕೆ."

"ಅದಕ್ಕೆ ಸಾಯಿಸ್ಬಿಡೋದಾ?"

"ಸತ್ರೆ ಹೇಳ್ಕೋಬಹುದಲ್ವಾ ಮೇಡಂ, ಮಗಳು ಅಂತ? ಸತ್ತೋರಿಗೆ ಸೀರಿಯಲ್ ಕೈ ಬಿಟ್ಟು ಹೋಗಲ್ವಲ್ಲ." ಅವಳು ಕನ್ನಡಕವನ್ನು ದುಪಟ್ಟಾದಿಂದ ಒರೆಸಿದಳು. "ಫ್ಲೆಕ್ಸ್ ಅಂಗಡಿಗೆ ಹೋದ್ಮೇಲೆ ಅದಕ್ಕೂ ಧೈರ್ಯ ಬರ್ಲಿಲ್ಲ."

ತನಿಖೆಯಲ್ಲಿ ಉತ್ತರ ಸಿಕ್ಕಾಗ ಪೊಲೀಸಿನವನಿಗೆ ಖುಷಿಯಾಗಬೇಕು. ಬಸವಕಿರಣನಿಗೆ ಹೇಸಿಗೆಯಾಯಿತು. ಆ ಕಿರೀಟದ ಮೇಲೆ, ಚಪ್ಪಾಳೆಯ ಮೇಲೆ. ಆ ಕಾರ್ಯಕ್ರಮವನ್ನು ತಾನೂ ಹೆಂಡತಿ ಜೊತೆ ಕೂತು ನೋಡಿ, ಪಾಪ, ಅಕ್ಕ ಅಂದರೆ ಹೀಗಿರಬೇಕು ಎಂದಿದ್ದು ನೆನಪಾಗಿ ತನ್ನ ಮೇಲೂ. ಹುಡುಗಿಯ ಫೋನನ್ನು ವಶಕ್ಕೆ ಪಡೆದ. ಅಂಗಡಿಯ ಸ್ಕ್ರೀನಿನಲ್ಲಿ ತೆಗೆದ ಮೊದಲ ಫ್ಲೆಕ್ಸಿನ ಫೋಟೋ ಅದರಲ್ಲಿತ್ತು. ಅವಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಚಿತ್ರವೂ ಅದರಲ್ಲೇ ಇತ್ತು. ತಾಯಿಯ ಹೆಸರು, ಮುನಿಶಾಮಮ್ಮ.

4.50ಕ್ಕೆ ಡಾಕ್ಟರು ಹೊರಗೆ ಬಂದು ಮುದುಕಿಗೆ ಎಚ್ಚರವಾಗಿದೆ, ಜೀವಕ್ಕೆ ಅಪಾಯವಿಲ್ಲ ಎಂದರು. ಆ ಮಾತು ಕೇಳುವವರೆಗೂ ರಮ್ಯಳನ್ನು ಅಲ್ಲಿಂದ ಎಬ್ಬಿಸಲು ಗೌರಮ್ಮ ಒಪ್ಪಿರಲಿಲ್ಲ.

ಸಂಜೆ 5.40ಕ್ಕೆ ಠಾಣೆಯಲ್ಲಿ ದಸ್ತಗಿರಿ. ಸಂಬಂಧಿಕರಿಗೆ ತಿಳಿಸಬೇಕೆಂಬ ನಿಯಮದಂತೆ ಸಂಯುಕ್ತಾಳಿಗೆ ಫೋನ್ ಹೋಯಿತು. ಅವಳು ಶೂಟಿಂಗಿನಿಂದ ನೇರ ಬಂದಳು. ಧಾರಾವಾಹಿಯ ರೇಷ್ಮೆ ಸೀರೆ, ಹಣೆ ತುಂಬ ಕುಂಕುಮ. ಬೆಂಚಿನ ಮೇಲಿದ್ದ ರಮ್ಯಳನ್ನು ದಾಟಿ ಬಸವಕಿರಣನ ಮೇಜಿನ ಹತ್ತಿರ ಬಂದು ನಿಂತಳು.

"ಪ್ರೆಸ್‌ನೋರಿಗೆ ಹೇಳಿದೀರಾ ಸರ್?"

"ಇಲ್ಲ. ಜಾಮೀನು ಸಿಗೋ ಕಲಂ ಇದು. ನೀವು ಸಹಿ ಹಾಕಿದ್ರೆ ಈಗ್ಲೇ ಕರ್ಕೊಂಡು ಹೋಗಬಹುದು."

"ಸಂಬಂಧ ಬರೀಬೇಕಾ?"

"ಬರೀಬೇಕು."

"ತಂಗಿ ಅಂತ ಬರೀತೀನಿ."

"ಏನಿದೆಯೋ ಅದನ್ನ ಬರೀರಿ ಮೇಡಂ."

"ಈ ಪೇಪರ್ ಕೋರ್ಟಿಗೆ ಹೋಗತ್ತೆ, ಅಲ್ಲಿಂದ ಚಾನೆಲ್ಲಿಗೆ. ನಾನು ಹದಿಮೂರು ವರ್ಷ ಕಷ್ಟಪಟ್ಟಿದೀನಿ ಸರ್. ಇವ್ಳಿಗೂ ನಾನೇ ತಾನೇ ಅನ್ನ ಹಾಕ್ತಿರೋದು?" ಅವಳ ಕಣ್ಣಲ್ಲಿ ನೀರು ಬಂತು. ಅದು ಯಾವ ನೀರೆಂದು ಹೇಳಲು ಠಾಣೆಯಲ್ಲಿ ಯಾರಿಂದಲೂ ಆಗುತ್ತಿರಲಿಲ್ಲ, ಬಹುಶಃ ಅವಳಿಂದಲೂ.

ಬಸವಕಿರಣ ಜಾಮೀನಿನ ಕಾಗದವನ್ನು ಪಕ್ಕಕ್ಕಿಟ್ಟು ಸಂಗಪ್ಪನಿಗೆ ದಸ್ತಗಿರಿ ಮೆಮೊ ಬರೆಯಲು ಹೇಳಿದ.

"ಆರೋಪಿ ಹೆಸರು?"

"ರಮ್ಯ."

"ಬಿನ್?"

ಯಾರ ಮಗಳು ಎಂದು ಸರ್ಕಾರಿ ಕಾಗದ ಕೇಳುವುದು ಹೀಗೆ. ರಮ್ಯ ತಲೆ ಎತ್ತಿ ಸಂಯುಕ್ತಾಳನ್ನು ನೋಡಿದಳು. ಸಂಯುಕ್ತಾ ಬಾಗಿಲ ಕಡೆ ನೋಡಿದಳು, ಹೊರಗೆ ಯಾರಾದರೂ ಇದ್ದಾರೇನೋ ಎಂದು.

"ಮುನಿಶಾಮಮ್ಮ ಅಂತ ಬರ್ಕೊಳ್ಳಿ," ಎಂದಳು.

"ನಿಮ್ಮನ್ನ ಕೇಳಿಲ್ಲ," ಎಂದ ಬಸವಕಿರಣ. "ನೀನು ಹೇಳಮ್ಮಾ. ಬಿನ್?"

"ಲೇಟ್ ಧನಲಕ್ಷ್ಮಿ," ಎಂದಳು ರಮ್ಯ.

ಸಂಗಪ್ಪನ ಪೆನ್ನು ನಿಂತಿತು. ಬರೆದುಕೊಟ್ಟ ಮಾತಿಲ್ಲದೆ ಸಂಯುಕ್ತಾಳಿಗೆ ಏನೂ ತೋಚಲಿಲ್ಲ.

"ಲೇಟ್ ಅಂತ ಬರೆಯೋಕೆ ಬರಲ್ಲಮ್ಮಾ, ಎದುರಿಗೇ ನಿಂತಿದಾರೆ," ಎಂದ ಬಸವಕಿರಣ. "ಸಂಗಪ್ಪ, ಅದೊಂದು ಬಿಡು. ಮಿಕ್ಕಿದ್ದು ಬರ್ಕೋ."

ರಮ್ಯ ಬಿನ್ ಧನಲಕ್ಷ್ಮಿ, ವಯಸ್ಸು 20 ವರ್ಷ ಎಂದು ಸಂಗಪ್ಪ ದುಂಡಗೆ ಬರೆದ. ಹುಡುಗಿ ಮೇಜಿನ ಮೇಲೆ ಬಗ್ಗಿ ಅದನ್ನು ಎರಡು ಸಲ ಓದಿದಳು. ಆಮೇಲೆ, ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದಳು.